ಕಪ್ಪು ಗೆರೆಗೆ ಒಂದು ಗೇಣು ಈಚೆ

ತನ್ನ ಬಂಡೆಯ ಮೇಲೆ ಯಾರೋ ಗಂಡಸು ಮಂಡಿಯೂರಿ ಕೂತಿರುವುದು ಮಾಯಲೆನ್‌ಗೆ ಮೇಲಿನ ಕಾಲುದಾರಿಯಿಂದಲೇ ಕಾಣಿಸಿತು.

ತನ್ನ ಬಂಡೆ ಎನ್ನುವುದಕ್ಕೆ ಅವಳ ಬಳಿ ಯಾವ ಹಕ್ಕೂ ಇರಲಿಲ್ಲ. ಜುಮಾಯಾ ಊರಿನ ದಂಡೆ, ಎರಡು ದೇಶಗಳಿಗೆ ಹಂಚಿಹೋದ ಬಾಸ್ಕ್ ನಾಡಿನ ಉಳಿದೆಲ್ಲ ದಂಡೆಗಳ ಹಾಗೆ, ಕಡಲಿನ ಸ್ವತ್ತು. ಆದರೆ ನೀರು ಇಳಿದಾಗಲೆಲ್ಲ ಅಲ್ಲಿಗೆ ಹೋಗಿ, ಆ ಕಲ್ಲಿನ ಒಂದೊಂದು ಗೀರನ್ನೂ ಬೆರಳಿನಿಂದ ಸವರಿ, ವಯಸ್ಸಿನ ಒಳ್ಳೆಯ ಪಾಲನ್ನೆಲ್ಲ ಅಲ್ಲೇ ಕಳೆದವಳಿಗೆ ಅಷ್ಟು ಸಲಿಗೆಯೂ ಇರಬಾರದೆ?

ಆತನ ಕೈಯಲ್ಲಿ ಸುತ್ತಿಗೆ ಇತ್ತು. ಅವಳು ಕಲ್ಲುಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು.

"ಸುತ್ತಿಗೆ ಕೆಳಗಿಡಿ."

ಆತ ತಕ್ಷಣ ಇಟ್ಟ. ಇಟ್ಟು, ಪೊಲೀಸರ ಮುಂದೆ ಎತ್ತುವ ಹಾಗೆ ಎರಡೂ ಕೈ ಮೇಲೆತ್ತಿದ. ನಲವತ್ತರ ಆಸುಪಾಸಿನ ಮನುಷ್ಯ. ಕಿವಿಯ ಬಳಿ ನರೆ, ಮೂಗಿನ ತುದಿಯಲ್ಲಿ ಕಲ್ಲಿನ ಪುಡಿ. ಕೈಗಳು ಶರಣಾಗಿದ್ದವು, ಕಣ್ಣುಗಳು ಮಾತ್ರ ನಗುತ್ತಿದ್ದವು.

"ಕಲ್ಲು ಕದ್ದು ಮಾರೋರನ್ನ ನಾನು ಬೇಕಾದಷ್ಟು ನೋಡಿದೀನಿ," ಎಂದಳು ಮಾಯಲೆನ್. "ಇಲ್ಲಿಂದ ಏನು ಕದೀತಿದೀರಿ?"

"ಕದಿಯೋಕೆ ಇಲ್ಲಿ ಏನೂ ಇಲ್ಲ ಅಂತ ನೀವೇ ಬರೆದಿದೀರಲ್ಲ."

ಅವಳು ಆತನ ಮುಖವನ್ನು ಮತ್ತೊಮ್ಮೆ ನೋಡಿದಳು.

"ಮಾಯಲೆನ್ ಅಂದ್ರೆ ನೀವೇ ತಾನೆ?" ಆತ ಕೈ ಇಳಿಸಿದ. "ನಾನು ಬೆನ್ಯಾತ್. ಗಡಿಯಾಚೆಯ ದೇಶದ ಹೆಂದಾಯ ಊರಿನವನು. ಇದೇ ಕಲ್ಲು, ಇದೇ ಕೆಲಸ. ನಿಮ್ಮ ಲೇಖನ ಮತ್ತೆ ಮತ್ತೆ ಓದಿದೀನಿ."

"ಅರ್ಥ ಆಗಲಿಲ್ವಾ?"

"ಅರ್ಥ ಆಯ್ತು. ನಂಬಿಕೆ ಬರಲಿಲ್ಲ."

ಆ ದಂಡೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಒಂದು ಮಹಾ ಚಿರೋಟಿಯನ್ನು ಯಾರೋ ಕತ್ತರಿಸಿ, ಎಸಳುಗಳು ನೆಟ್ಟಗೆ ನಿಲ್ಲುವಂತೆ ಕಡಲ ಅಂಚಿಗೆ ಒರಗಿಸಿಟ್ಟಂತಿದೆ ಅದು. ಒಂದೊಂದು ಎಸಳೂ ಒಂದು ಕಾಲದ ಕಡಲತಳ. ಅಲ್ಲಿ ಹತ್ತು ಹೆಜ್ಜೆ ಹಾಕಿದರೆ ಲಕ್ಷ ವರ್ಷ ದಾಟಿದ ಹಾಗೆ. ನಡುವೆ ಒಂದು ಕಡೆ ಅಂಗೈ ಅಗಲದ ಕಪ್ಪು ಮಣ್ಣಿನ ಗೆರೆ ಇದೆ. ಗೆರೆಯ ಈಚೆ ಹಳೆಯ ಜಗತ್ತು, ಆಚೆ ಇನ್ನೊಂದು.

ಈಚೆಯ ಜಗತ್ತಿನ ಕಡಲಲ್ಲಿ ಅಮ್ಮೊನೈಟುಗಳು ಈಜುತ್ತಿದ್ದವು. ನಮ್ಮ ದೇವರಮನೆಗಳ ಸಾಲಿಗ್ರಾಮದೊಳಗೆ ಸುತ್ತಿಕೊಂಡು ಕೂತಿರುವ ಚಕ್ರ ಇದೆಯಲ್ಲ, ಅದು ಆ ಪ್ರಾಣಿಯ ಚಿಪ್ಪಿನದೇ ಅಚ್ಚು. ಮೂವತ್ತು ಕೋಟಿ ವರ್ಷಕ್ಕೂ ಮೀರಿ ಬಾಳಿದ ಕುಲ ಅದು. ಎಷ್ಟೋ ಪ್ರಳಯಗಳನ್ನು ಕಂಡು ಬದುಕುಳಿದಿತ್ತು. ಕಪ್ಪು ಗೆರೆಯನ್ನು ಮಾತ್ರ ದಾಟಲಿಲ್ಲ. ಆ ಗೆರೆ ಆಕಾಶದಿಂದ ಬಿದ್ದ ಮಹಾಶಿಲೆಯ ಬೂದಿ ಎಂದು ಕೆಲವರು, ಅಲ್ಲವೆಂದು ಕೆಲವರು, ಎಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಇನ್ನೂ ಜಗಳವಾಡುತ್ತಿದ್ದರು.

ಮಾಯಲೆನ್ ಹೇಳಿದ್ದು ಇಷ್ಟು: ಶಿಲೆ ಬಿದ್ದಿರಲಿ ಬಿಡಲಿ, ಅಮ್ಮೊನೈಟುಗಳನ್ನು ಕೊಂದದ್ದು ಅದಲ್ಲ. ಅವು ಕ್ರಮೇಣ ಕಡಿಮೆಯಾಗುತ್ತಾ ಬಂದು, ಗೆರೆಗೆ ಇನ್ನೂ ಒಂದು ಮನೆಯುದ್ದದಷ್ಟು ದೂರ ಇರುವಾಗಲೇ ಪೂರ್ತಿ ಇಲ್ಲವಾಗಿದ್ದವು. ಆ ಕೊನೆಯ ಜಾಗವನ್ನು ಅವಳು 'ಬರಡು ಪಟ್ಟೆ' ಎಂದು ಕರೆದಿದ್ದಳು. ಊರೂರಿನ ಪಂಡಿತರು ಆ ಹೆಸರನ್ನೇ ಹೇಳತೊಡಗಿದ್ದರು.

"ಇದು ಅಪರೂಪದ ಪ್ರಾಣಿ," ಎಂದ ಬೆನ್ಯಾತ್. "ವಾರ ಪೂರ್ತಿ ಹುಡುಕಿದ್ರೆ ಒಂದು ಸಿಗುತ್ತೆ. ಸಿಗಲಿಲ್ಲ ಅಂದ ಮಾತ್ರಕ್ಕೆ ಸತ್ತೇ ಹೋಗಿತ್ತು ಅಂತೀರಾ?"

"ನಾನು ವಾರ ಹುಡುಕಲಿಲ್ಲ ಸ್ವಾಮಿ, ವರ್ಷಗಟ್ಟಲೆ ಹುಡುಕಿದೆ."

"ನಮ್ಮ ಹೆಂದಾಯದ ದಂಡೇಲೂ ಇದೇ ಕಪ್ಪು ಗೆರೆ ಇದೆ. ಅಲ್ಲಿ ಒಂದು ಚೂರು ಸಿಕ್ಕಿದೆ. ನಿಮ್ಮ ಬರಡು ಪಟ್ಟೆ ಒಳಗೆ."

"ಚೂರು ಅಂದ್ರೆ? ಎಲ್ಲಿಂದಲೋ ಉರುಳಿ ಬಂದಿರುತ್ತೆ."

"ಇರಬಹುದು. ಅದಕ್ಕೇ ಇಲ್ಲಿ ನೋಡೋಣ ಅಂತ ಬಂದೆ."

"ಕೇಳದೇನೇ?"

"ಕೇಳಿದ್ರೆ ಬಿಡ್ತಿದ್ರಾ?"

ಇಬ್ಬರೂ ಹೀಗೆ ಮಾತಿಗೆ ಮಾತು ಬೆಳೆಸುತ್ತಾ ನಿಂತಾಗ ಹಿಂದಿನಿಂದ ಬಂದ ಅಲೆ ಸೊಂಟದವರೆಗೂ ನೆನೆಸಿತು. ಆ ದಂಡೆಯಲ್ಲೇ ಹುಟ್ಟಿ ಬೆಳೆದ ಮಾಯಲೆನ್ ಉಬ್ಬರದ ಹೊತ್ತನ್ನು ಮರೆತದ್ದು ಅದೇ ಮೊದಲು. ಬೆನ್ಯಾತ್ ತನ್ನ ಸುತ್ತಿಗೆಯನ್ನು ಬಿಟ್ಟು ಅವಳ ಚೀಲವನ್ನು ಹಿಡಿದುಕೊಂಡ. ಸುತ್ತಿಗೆ ಕಡಲಿಗೆ ಹೋಯಿತು.

ಬಂದರಿನ ಬದಿಯಲ್ಲಿ ಊಟದ ಮನೆ ನಡೆಸುತ್ತಿದ್ದ ಕೊರೊ, ಮಾಯಲೆನ್‌ಳ ತಂದೆಯ ತಂಗಿ. ತೊಪ್ಪೆಯಾಗಿ ಬಂದ ಇಬ್ಬರನ್ನೂ ನೋಡಿ ಅವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಯಾರೇ ಇದು? ಬಲೆಗೆ ಬಿದ್ದಿದ್ನಾ?"

"ನನ್ನ ಶತ್ರು, ಅತ್ತೆ."

"ಶತ್ರುಗೆ ಮೀನು ಬಡಿಸ್ಲಾ, ಬರೀ ಕರಿ ಹುರುಳಿ ಸಾಕಾ?"

"ಹುರುಳಿ ಸಾಕು."

ಕೊರೊ ಮೀನನ್ನೇ ತಂದಳು. ಹಸಿರು ಸಾರಿನಲ್ಲಿ ಬೆಂದ ಮೀನಿನ ದೊಡ್ಡ ತುಂಡನ್ನು ಬೆನ್ಯಾತ್‌ನ ತಟ್ಟೆಗೆ ಹಾಕಿ, ಎತ್ತರದಿಂದ ಲೋಟಕ್ಕೆ ವೈನ್ ಸುರಿದಳು. ಬೆನ್ಯಾತ್ ಎದ್ದು ನಿಂತು, ಗಡಿಯಾಚೆಯವರ ನಯವಾದ ಬಾಸ್ಕ್ ಮಾತಿನಲ್ಲಿ, "ತಮ್ಮ ಔದಾರ್ಯಕ್ಕೆ ನಾನು ಋಣಿ," ಎಂದ.

ಕೊರೊ ಸೊಸೆಯ ಕಿವಿಯ ಬಳಿ ಬಗ್ಗಿದಳು. "ಪುಸ್ತಕದಿಂದ ಬಿದ್ದ ಹಾಗೆ ಮಾತಾಡ್ತಾನೆ. ಆದ್ರೆ ಎಲುಬು ಬಿಡಿಸಿ ತಿನ್ನೋಕೆ ಬರುತ್ತೆ. ಅಂಥವನು ಪೂರ್ತಿ ಕೆಟ್ಟವನಾಗಿರಲ್ಲ."

ಮಾಯಲೆನ್ ಓರೆಗಣ್ಣಿನಲ್ಲಿ ನೋಡಿದಳು. ಉದ್ದನೆಯ ಬೆರಳುಗಳು ಮೀನಿನ ಎಲುಬನ್ನು ಒಂದೂ ಮುರಿಯದಂತೆ ಎತ್ತಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದವು. ಆತ ತಲೆಯೆತ್ತಿದಾಗ ಅವಳು ಬೇಗನೆ ಕಿಟಕಿಯ ಕಡೆ ತಿರುಗಿದಳು. ಕಿಟಕಿಗೆ ಹಬೆ ಹಿಡಿದಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಅದು ಬೆನ್ಯಾತ್‌ಗೂ ಗೊತ್ತಾಯಿತು.

ಆ ಶರತ್ಕಾಲವೆಲ್ಲ ಬೆನ್ಯಾತ್ ಬರುತ್ತಲೇ ಇದ್ದ. ಬೆನ್ನಚೀಲದ ತುಂಬ ಕಲ್ಲು ಹೊತ್ತು ಹೋಗುವ ಅವನನ್ನು ಗಡಿಯ ಸೇತುವೆಯ ಕಾವಲುಗಾರರು ಮೊದಮೊದಲು ಸಂಶಯದಿಂದ ತಡೆದರು, ಆಮೇಲೆ, "ನಿಮ್ಮ ದೇಶದಲ್ಲಿ ಕಲ್ಲಿಗೂ ಬರಗಾಲವಾ?" ಎಂದು ಕೀಟಲೆ ಮಾಡಿ ಬಿಟ್ಟುಬಿಡತೊಡಗಿದರು.

ಇಬ್ಬರೂ ಬರಡು ಪಟ್ಟೆಯನ್ನು ಹಂಚಿಕೊಂಡು ಹುಡುಕಿದರು. ಒಬ್ಬರ ಪಾಲಿನ ಕಲ್ಲನ್ನು ಇನ್ನೊಬ್ಬರು ಮತ್ತೆ ನೋಡುವುದು ಎಂದು ನಿಯಮ.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದು ಆತ ಕೇಳುತ್ತಿದ್ದ.

"ನಿಮ್ಮ ಕಣ್ಣಿಗೆ ಬೇಕಾದ್ದೇ ಕಾಣುತ್ತೆ."

"ನಿಮ್ಮ ಕಣ್ಣಿಗೆ ಬೇಡವಾದ್ದು ಕಾಣೋದೇ ಇಲ್ಲ."

ಹೀಗೆ ಹೇಳುವಾಗ ಆತ ಕಲ್ಲನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಗಾಳಿಗೆ ಅವಳ ಕೂದಲು ಬಾಯಿಗೆ ಬರುತ್ತಿತ್ತು. ಕೈಯೆಲ್ಲ ಕೆಸರಾದ್ದರಿಂದ ಅವಳು ಅದನ್ನು ಭುಜದಿಂದ ತಳ್ಳಲು ನೋಡುವಳು, ಅದು ಮತ್ತೆ ಬರುವುದು. ಒಂದು ದಿನ ಬೆನ್ಯಾತ್ ಕೈ ಚಾಚಿ, ಒಂದೇ ಬೆರಳಿನಿಂದ ಆ ಎಳೆಯನ್ನು ಅವಳ ಕಿವಿಯ ಹಿಂದೆ ಸರಿಸಿ, ತಿರುಗಿ ತನ್ನ ಕೆಲಸಕ್ಕೆ ಹೋದ. ಮಾಯಲೆನ್ ಅವತ್ತು ಒಂದೇ ಕಲ್ಲನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದಳು. ಅದರಲ್ಲಿ ಏನಿತ್ತೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಏನೂ ಸಿಗಲಿಲ್ಲ. ಆದರೆ ಕಲ್ಲುಗಳ ನಡುವೆ ಕೂತಾಗ ಮಾತು ಸಿಕ್ಕಿತು. ಬೆನ್ಯಾತ್‌ನ ಹೆಂಡತಿ ಮೈದೆರ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸಂತೆಯ ದಿನ, ಟೊಮೆಟೊ ಆರಿಸುತ್ತಾ, ಅಂಗಡಿಯವನ ಜೊತೆ ಏನೋ ನಗೆಮಾತು ಆಡುತ್ತಿದ್ದವಳು ಹಾಗೇ ಕುಸಿದಳು. ತಲೆಯೊಳಗೆ ನರ ಒಡೆದಿತ್ತು. "ಬೆಳಿಗ್ಗೆ ಜಗಳ ಆಡಿದ್ವಿ, ಪರದೆ ಬಟ್ಟೆ ಬಣ್ಣಕ್ಕೆ," ಎಂದ ಬೆನ್ಯಾತ್. "ಅಷ್ಟು ಬದುಕು ಇತ್ತು ಅವಳಲ್ಲಿ."

ಮಾಯಲೆನ್ ತನ್ನ ಗಂಡನ ಮಾತು ಹೇಳಿದಳು. ಅಲ್ಲಿ ಸಾವೂ ಇರಲಿಲ್ಲ, ಜಗಳವೂ ಇರಲಿಲ್ಲ. ಮಾತು ಕಡಿಮೆಯಾಯಿತು, ಆಮೇಲೆ ಊಟ ಬೇರೆ ಬೇರೆ ಹೊತ್ತಿಗೆ ಆಯಿತು, ಆಮೇಲೆ ಆತ ಮ್ಯಾಡ್ರಿಡ್‌ನಲ್ಲಿ ಕೆಲಸ ಹಿಡಿದ. "ಯಾವ ದಿನ ಮುಗೀತು ಅಂತ ಇವತ್ತಿಗೂ ಗೊತ್ತಿಲ್ಲ ನನಗೆ," ಎಂದಳು.

ಜನವರಿಯಲ್ಲಿ ಗುಡ್ಡದ ಮೇಲಿನ ಸೇಬಿನ ಮದ್ಯದ ಮನೆಗಳು ಹೊಸ ಪೀಪಾಯಿ ತೆರೆಯುವ ಕಾಲ. ಕೊರೊ ಇಬ್ಬರನ್ನೂ ಎಳೆದುಕೊಂಡು ಹೋದಳು. ಪೀಪಾಯಿಯಿಂದ ಚಿಮ್ಮುವ ಧಾರೆಗೆ ಲೋಟ ಒಡ್ಡಲು ಜನ ಸಾಲಾಗಿ ನಿಂತಿದ್ದರು. ಮಾಯಲೆನ್ ಹಿಗ್ಗಿನಲ್ಲಿದ್ದಳು. ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಹುದ್ದೆಯೊಂದು ಖಾಲಿಯಾಗಿತ್ತು. ಮಾರ್ಚಿನಲ್ಲಿ ಬಂದು ಬರಡು ಪಟ್ಟೆಯ ಬಗ್ಗೆ ಉಪನ್ಯಾಸ ಕೊಡುವಂತೆ ಅವಳಿಗೆ ಕರೆ ಬಂದಿತ್ತು. ಹುದ್ದೆ ಬಹುಮಟ್ಟಿಗೆ ಅವಳದೇ ಎಂದು ಎಲ್ಲರ ಮಾತು.

ಬೆನ್ಯಾತ್ ಲೋಟವನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ ಮೆಲ್ಲಗೆ, "ಇನ್ನೊಂದು ವರ್ಷ ಕಾಯಬಾರದಾ?" ಎಂದ.

"ಯಾಕೆ?"

"ಅಷ್ಟು ಖಂಡಿತವಾಗಿ ಹೇಳಿಬಿಟ್ರೆ ಆಮೇಲೆ ವಾಪಸ್ ತಗೊಳ್ಳೋದು ಕಷ್ಟ."

ಮೊದಲೇ ಸ್ವಲ್ಪ ಏರಿತ್ತು. ಅದರ ಮೇಲೆ ಈ ಮಾತು. ಎಲ್ಲರೂ ಹೊಗಳುವಾಗ ಈತನೊಬ್ಬ ತಣ್ಣೀರು ಎರಚಿದನೆಂದು ಅವಳಿಗೆ ಉರಿಯಿತು.

"ನಿಮಗೆ ಅವು ಕೊನೇ ದಿನದವರೆಗೂ ಬದುಕಿರಲೇಬೇಕು. ಯಾಕೆ ಅಂತ ಹೇಳ್ಲಾ? ನಿಮ್ಮ ಹೆಂಡತಿ ಕೊನೇ ಗಳಿಗೆವರೆಗೂ ನಗ್ತಾ ಇದ್ದಳಲ್ಲ, ಅದಕ್ಕೆ. ನೀವು ಮಾಡ್ತಿರೋದು ವಿಜ್ಞಾನ ಅಲ್ಲ. ಶೋಕ."

ಬೆನ್ಯಾತ್‌ನ ಮುಖ ಬಿಳಿಚಿತು. "ಇರಬಹುದು," ಎಂದ. ಲೋಟವನ್ನು ಮೇಜಿನ ಮೇಲಿಟ್ಟ. "ನಿಮ್ಮ ಬರಡು ಪಟ್ಟೆ ಬಗ್ಗೆ ನನಗೂ ಇಂಥದೊಂದು ಯೋಚನೆ ಬಂದಿತ್ತು, ನಿಮ್ಮ ಗಂಡನ ವಿಷಯ ಕೇಳಿದ ದಿನ. ಹೇಳಬೇಕು ಅನಿಸಲಿಲ್ಲ."

ಕೋಟು ಹಾಕಿಕೊಂಡು ಹೊರಟುಹೋದ. ಕೊರೊ ಬಂದು ಖಾಲಿ ಜಾಗವನ್ನೂ ಸೊಸೆಯ ಮುಖವನ್ನೂ ನೋಡಿದಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದಳು. "ಏನಂದೆ ಅಂತ ನಾನು ಕೇಳಲ್ಲ. ನಿನ್ನ ಮುಖವೇ ಹೇಳ್ತಿದೆ."

ಬೆನ್ಯಾತ್ ಆಮೇಲೆ ಬರಲಿಲ್ಲ. ಮಾಯಲೆನ್ ಒಬ್ಬಳೇ ದಂಡೆಗೆ ಹೋಗುವಳು. ಆತನ ಪಾಲಿನ ಕಲ್ಲನ್ನು ನೋಡುವಾಗ, ಮತ್ತೊಮ್ಮೆ ಪರೀಕ್ಷಿಸಲು ಯಾರೂ ಇಲ್ಲವೆಂಬುದು ನೆನಪಾಗಿ ಕೈ ನಿಲ್ಲುವುದು. ಕ್ಷಮೆ ಕೇಳಲು ಫೋನ್ ಎತ್ತಿ, ಎತ್ತಿದ ಹಾಗೇ ಇಡುವಳು. ಇಷ್ಟು ದಿನ ತಾನು ಇಳಿತಕ್ಕೆ ಕಾಯುತ್ತಿದ್ದೆನೋ, ಆ ಮನುಷ್ಯನಿಗೋ ಎಂಬ ಪ್ರಶ್ನೆಗೆ ಉತ್ತರ ಅವಳಿಗೆ ಗೊತ್ತಾಗಿಹೋಗಿತ್ತು.

ಫೆಬ್ರವರಿಯ ಕೊನೆಗೆ ಬಿರುಗಾಳಿ ಬಂತು. ಊರಿನ ಮುದುಕರು ಅಂಥದ್ದನ್ನು ಕಂಡಿರಲಿಲ್ಲ. ಅಲೆಗಳು ದಂಡೆಯ ಬಂಡೆಗಳ ಮೇಲೆ ಹತ್ತಿ ಒಡೆದು, ಅವುಗಳ ನೊರೆ ಗುಡ್ಡದ ಮೇಲಿನ ಪುಟ್ಟ ಗುಡಿಯ ಬಾಗಿಲಿಗೆ ಹಾರುತ್ತಿತ್ತು. ಗಾಳಿ ಅಡಗಿದ ಮೇಲೆ, ನೀರು ಇಳಿದ ಮಧ್ಯಾಹ್ನ, ಮಾಯಲೆನ್ ದಂಡೆಗಿಳಿದು ನಿಂತುಬಿಟ್ಟಳು.

ಮರಳು ಇರಲಿಲ್ಲ. ಬಂಡೆಗಳ ಬುಡವನ್ನು ಅವಳು ಕಂಡಾಗಿನಿಂದ ಮುಚ್ಚಿಕೊಂಡಿದ್ದ ಆಳೆತ್ತರದ ಮರಳನ್ನು ಕಡಲು ಗುಡಿಸಿಕೊಂಡು ಹೋಗಿತ್ತು. ಎಂದೂ ಬೆಳಕು ಕಾಣದ ಕಲ್ಲಿನ ಎಸಳುಗಳು ಒದ್ದೆಯಾಗಿ, ಆಗತಾನೆ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಕಪ್ಪು ಗೆರೆ ಅವುಗಳ ನಡುವೆ ಇಳಿದು ಇನ್ನೂ ಕೆಳಕ್ಕೆ ಹೋಗಿತ್ತು.

ಅವಳು ಗೆರೆಯ ಪಕ್ಕದಲ್ಲಿ ಕೂತು, ಅಭ್ಯಾಸದಂತೆ ಅಂಗೈಯನ್ನು ಕಲ್ಲಿನ ಮೇಲೆ ಎಳೆದಳು. ಬೆರಳಿಗೆ ಏಣು ಸಿಕ್ಕಿತು. ಇನ್ನೊಂದು. ಇನ್ನೊಂದು. ಒಂದರ ಪಕ್ಕ ಒಂದು, ಬಾಗಿದ ಏಣುಗಳು. ಕಣ್ಣು ಹಾಯಿಸುವ ಮೊದಲೇ ಬೆರಳುಗಳು ಸುರುಳಿಯನ್ನು ಅರ್ಧ ಸುತ್ತಿ ಬಂದಿದ್ದವು.

ಊಟದ ತಟ್ಟೆಯಷ್ಟು ದೊಡ್ಡ ಅಮ್ಮೊನೈಟ್. ಚೂರಲ್ಲ, ಉರುಳಿ ಬಂದದ್ದಲ್ಲ. ಒಂದು ಏಣೂ ಮುಕ್ಕಾಗದೆ, ಸತ್ತು ಮುಳುಗಿ ಮಣ್ಣಿನಲ್ಲಿ ಮಲಗಿದ ಹಾಗೇ ಇತ್ತು. ಅದರ ಅಂಚಿಗೂ ಕಪ್ಪು ಗೆರೆಗೂ ನಡುವೆ ಅವಳು ಕೈ ಇಟ್ಟು ನೋಡಿದಳು. ಒಂದು ಗೇಣು.

ಅವಳಿಗೆ ಉಸಿರು ಎಳೆದುಕೊಳ್ಳಲೂ ಭಯವಾಯಿತು. ಒಂದು ಗೇಣು ಕಲ್ಲು ಎಂದರೆ ಎರಡು ಮೂರು ಸಾವಿರ ವರ್ಷ. ಮೂವತ್ತು ಕೋಟಿಯ ಮುಂದೆ ಅದು ಯಾವ ಲೆಕ್ಕ? ರೆಪ್ಪೆ ಬಡಿಯುವಷ್ಟು. ಈ ಪ್ರಾಣಿ ತುಂಬಿದ ಮೈಯಲ್ಲಿ ಈಜುತ್ತಾ ಆ ಕೊನೆಯ ಬಾಗಿಲಿನ ತನಕ ಬಂದಿತ್ತು. ಬರಡು ಎಂದು ತಾನು ಕರೆದ ಆ ಕಡಲಿನಲ್ಲಿ, ಎಲ್ಲ ಕಡೆ, ಇಂಥವು ಇದ್ದವು. ತನಗೆ ಕಾಣಿಸಲಿಲ್ಲ, ಅಷ್ಟೆ.

ಹುದ್ದೆಯ ನೆನಪು ಬಂದದ್ದು ಬಹಳ ಹೊತ್ತಿನ ಮೇಲೆ. ಹದಿನೈದು ದಿನ ಕಾದರೆ ಸಾಕು, ಮರಳು ಮರಳಿ ಬರುತ್ತದೆ, ಇದೆಲ್ಲ ಮುಚ್ಚಿಹೋಗುತ್ತದೆ, ಬೇರೆ ಯಾರೂ ನೋಡಿಲ್ಲ. ಈ ಯೋಚನೆ ಅವಳಿಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅವಳು ಮತ್ತೆ ಆ ಸುರುಳಿಯ ಮೇಲೆ ಕೈಯಿಟ್ಟಳು. ಇಷ್ಟು ದೂರ ಈಜಿ ಬಂದದ್ದನ್ನು ಇಲ್ಲವೆನ್ನಲು ಯಾವ ಬಾಯಿ ಬೇಕು? ಎದ್ದು ಮೆಟ್ಟಿಲು ಹತ್ತಿದಳು.

ಕೊರೊಳ ಊಟದ ಮನೆಯ ಗೋಡೆಯ ಫೋನಿನಿಂದ ಹೆಂದಾಯಕ್ಕೆ ಕರೆ ಮಾಡಿದಳು. ಆ ಕಡೆ ಬೆನ್ಯಾತ್‌ನ ದನಿ ಬಂತು.

"ನಾನು," ಎಂದಳು. ಆತ ಫೋನ್ ಇಡಲಿಲ್ಲ. "ಒಂದು ಗೇಣು."

"ಏನು?"

"ಕಪ್ಪು ಗೆರೆಗೆ ಒಂದು ಗೇಣು ಈಚೆ. ಇಡಿಯದು. ನಿಮ್ಮ ಮಾತೇ ಸರಿ."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, "ನೀರು ಯಾವಾಗ ಏರುತ್ತೆ?" ಎಂದ.

"ಈಗ ಹೊರಟ್ರೆ ಸಿಗುತ್ತೆ."

ಬೆನ್ಯಾತ್ ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಬಂದಿದ್ದ. ಸ್ವೆಟರ್ ತಿರುವು ಮುರುವಾಗಿತ್ತು. ಬಂಡೆಯ ಮುಂದೆ ನಿಂತು, ತಲೆಯ ಮೇಲಿದ್ದ ಟೊಪ್ಪಿಯನ್ನು ತೆಗೆದು ಎದೆಗೆ ಹಿಡಿದುಕೊಂಡ. ಗೆದ್ದವನ ಮುಖ ಅದಾಗಿರಲಿಲ್ಲ. ಮೊದಲ ಸಲ ಕಡಲನ್ನು ಕಂಡ ಮಗುವಿನದಾಗಿತ್ತು.

"ಮುಟ್ಟಬಹುದಾ?"

"ಮುಟ್ಟಿ."

ಆತ ಮುಟ್ಟಿದ. ನೆನೆದ ಕಲ್ಲಿನ ಮೇಲೆ ಇಬ್ಬರ ಕೈಗಳೂ ಪಕ್ಕಪಕ್ಕದಲ್ಲಿದ್ದವು. ಯಾರೂ ತೆಗೆಯಲಿಲ್ಲ.

ಮೊದಲು ಚಿತ್ರ ತೆಗೆದರು, ಸುರುಳಿಯೂ ಗೆರೆಯೂ ಒಂದೇ ಚಿತ್ರದಲ್ಲಿ ಬರುವ ಹಾಗೆ. ಉಳಿ ಇಡಲು ಜಾಗ ನೋಡುತ್ತಿದ್ದ ಬೆನ್ಯಾತ್ ಇದ್ದಕ್ಕಿದ್ದಂತೆ ಕೈ ತಡೆದ.

"ನಿಮ್ಮ ಕನ್ನಡಿ ಕೊಡಿ ಸ್ವಲ್ಪ."

ಅವಳು ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿಕೊಂಡಿದ್ದ ಸಣ್ಣ ಭೂತಗನ್ನಡಿ. ದಾರ ಬಿಚ್ಚಲು ಪುರಸೊತ್ತಿರಲಿಲ್ಲ. ಆತ ಅದನ್ನು ಹಿಡಿದು ಕಲ್ಲಿನತ್ತ ಬಗ್ಗಿದಾಗ ಅವಳೂ ಜೊತೆಗೆ ಬಗ್ಗಬೇಕಾಯಿತು. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ. ಆತನ ಉಸಿರು ಕಾಫಿಯ ವಾಸನೆಯದು, ಬೆಚ್ಚಗಿತ್ತು.

"ಅಲ್ಲಿ ನೋಡಿ. ದೊಡ್ಡದರ ಪಕ್ಕ."

ಅವಳು ನೋಡಿದಳು. ಸಾಸಿವೆಗಿಂತ ಕೊಂಚ ದೊಡ್ಡ ಚುಕ್ಕೆ. ಕನ್ನಡಿಯೊಳಗೆ ಅದು ಅರಳಿ ಸುರುಳಿಯಾಯಿತು. ಪಕ್ಕದಲ್ಲಿ ಇನ್ನೊಂದು. ಒಂದಷ್ಟು ದೂರದಲ್ಲಿ ಹಿಡಿ ಎಳ್ಳು ಚೆಲ್ಲಿದ ಹಾಗೆ ಹಲವು. ದೊಡ್ಡವನ್ನೇ ಹುಡುಕುವ ಕಣ್ಣಿಗೆ ಯಾವ ಕಾಲಕ್ಕೂ ಬೀಳದಂಥವು.

"ಮರಿಗಳು," ಎಂದಳು ಮಾಯಲೆನ್.

"ಮೊಟ್ಟೆಯಿಂದ ಆಗತಾನೆ ಹೊರಬಂದವು."

ಕೊನೆಯ ಗೇಣಿನಲ್ಲೂ ಅವು ಮರಿಮಾಡುತ್ತಿದ್ದವು. ನಾಳೆ ಇದೆಯೆಂಬ ನಂಬಿಕೆಯಲ್ಲಿ, ಹಿಂದಿನ ಮೂವತ್ತು ಕೋಟಿ ವರ್ಷ ಹೇಗೋ ಹಾಗೆಯೇ, ಬೆಚ್ಚನೆಯ ನೀರಿಗೆ ಮರಿಗಳನ್ನು ಬಿಡುತ್ತಿದ್ದವು. ಮಾಯಲೆನ್‌ಳ ಕಣ್ಣು ತುಂಬಿ ಕನ್ನಡಿಯೊಳಗಿನದು ಕಲಸಿಹೋಯಿತು. ಪಕ್ಕದಲ್ಲಿದ್ದವನೂ ಅಳುತ್ತಿದ್ದಾನೆಂದು ಕೆನ್ನೆಗೆ ತಾಗಿದ ಒದ್ದೆಯಿಂದ ತಿಳಿಯಿತು.

"ಅವತ್ತು ನಾನು ಆಡಿದ್ದು..." ಎಂದಳು.

"ನೀವು ಹೇಳಿದ್ದು ನಿಜ."

"ನಿಜ ಆಗಿದ್ರೂ ಹೇಳಬಾರದಿತ್ತು. ಮೈದೆರ್ ಹೆಸರನ್ನ ನಾನು ಜಗಳಕ್ಕೆ ತರಬಾರದಿತ್ತು. ತಪ್ಪಾಯ್ತು."

ಬೆನ್ಯಾತ್ ಅವಳತ್ತ ತಿರುಗಿದ. ಕನ್ನಡಿಯ ದಾರ ಇನ್ನೂ ಆತನ ಬೆರಳಲ್ಲಿ ಸಿಕ್ಕಿಕೊಂಡಿತ್ತು. ಆ ಕ್ಷಣ ಏನಾದರೂ ಆಗಬಹುದಿತ್ತು. ಆದರೆ ಮೊದಲ ಅಲೆ ಬಂದು ಪಾದ ತೋಯಿಸಿತು. ಇಬ್ಬರೂ ಉಳಿ ಸುತ್ತಿಗೆ ಹಿಡಿದು ಸಂಜೆಯ ಬೆಳಕು ಇರುವವರೆಗೆ ಕಡಲಿನ ಜೊತೆ ಪಂದ್ಯ ಕಟ್ಟಿದವರಂತೆ ಕೆಲಸ ಮಾಡಿದರು. ದೊಡ್ಡದನ್ನೂ ಮರಿಗಳ ಹಾಸನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನೀರು ಮೊಣಕಾಲಿಗೆ ಬಂದಿತ್ತು.

ಮೇಲೆ, ಕಾರಿನ ಬಳಿ, ಬೆನ್ಯಾತ್ ಹೊರಡಲು ನಿಂತ.

"ಉಪನ್ಯಾಸದಲ್ಲಿ ಇದನ್ನ ಹೇಳ್ತೀರಾ?"

"ಹೇಳದೆ?"

"ಹಾಗಾದ್ರೆ ಅಲ್ಲೀತನಕ ನಾನು ಈ ಕಡೆ ಬರಲ್ಲ."

"ಯಾಕೆ?"

"ಇದು ನೀವು ಕಂಡ ಕಲ್ಲು, ನಿಮ್ಮ ಮಾತಾಗೇ ಹೊರಬರಲಿ. ನಾನು ಪಕ್ಕದಲ್ಲಿದ್ರೆ ಜನ ಏನಂತಾರೆ ಗೊತ್ತಲ್ಲ? ಆ ಹೆಂದಾಯದವನ ಮೋಹಕ್ಕೆ ಬಿದ್ದು ಮಾತು ತಿರುಗಿಸಿದಳು ಅಂತಾರೆ."

"ಅಂದ್ರೆ ಅನ್ನಲಿ."

"ನಿಮಗೆ ಅನ್ನಬಾರದು," ಎಂದ. ಮೋಹ ಎಂಬ ಮಾತು ತನ್ನ ಬಾಯಿಂದ ಬಂದುಬಿಟ್ಟಿದೆಯೆಂದು ಆಗಷ್ಟೇ ಹೊಳೆದಂತೆ, ಕಿವಿ ಕೆಂಪಾಗಿ, ಕಾರು ಹತ್ತಿ ಹೋದ.

ಮಾರ್ಚಿನ ಆ ದಿನ ಸಭಾಂಗಣ ತುಂಬಿತ್ತು. ಮಾಯಲೆನ್ ಮೊದಲ ಮಾತಿನಲ್ಲೇ, "ನಿಮ್ಮನ್ನೆಲ್ಲ ಬರಡು ಪಟ್ಟೆಯ ಬಗ್ಗೆ ಕೇಳಲು ಕರೆದಿದ್ದಾರೆ. ಅಂಥದೊಂದು ಪಟ್ಟೆ ಇಲ್ಲ," ಎಂದಳು. ಚಿತ್ರ ತೋರಿಸಿದಳು. ಮರಿಗಳ ಚಿತ್ರ ಬಂದಾಗ ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಕೊನೆಗೆ ಹಿರಿಯ ಪಂಡಿತರೊಬ್ಬರು, "ಹಾಗಾದ್ರೆ ನಿಮ್ಮ ಇಷ್ಟು ವರ್ಷದ ಕೆಲಸ ಏನಾಯ್ತಮ್ಮ?" ಎಂದು ಕೇಳಿದರು.

"ಸಿಗದೇ ಇದ್ದದ್ದನ್ನ ಇರಲೇ ಇಲ್ಲ ಅಂದ್ಕೊಂಡಿದ್ದೆ ಸರ್. ತಪ್ಪು ಅದೊಂದೇ. ಕಲ್ಲೆಲ್ಲ ಸರಿಯಾಗೇ ಇದೆ."

ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಮುಖ ಮುಖ ನೋಡಿಕೊಂಡರು. ಹುದ್ದೆ ಬೇರೊಬ್ಬರಿಗೆ ಹೋಯಿತೆಂದು ಅವಳಿಗೆ ಆಮೇಲೆ ತಿಳಿಯಿತು. ನೋವಾಗಲಿಲ್ಲವೆಂದಲ್ಲ. ಆದರೆ ಅವತ್ತು ಸಭಾಂಗಣದಿಂದ ಹೊರಬಂದಾಗ ಅವಳ ಮನಸ್ಸಿನಲ್ಲಿ ಹುದ್ದೆ ಇರಲಿಲ್ಲ. ಜಿನುಗುಮಳೆಯಲ್ಲಿ ಕಾರು ಓಡಿಸಿದಳು. ಜುಮಾಯಾದ ತಿರುವು ಬಂತು. ತಿರುಗಲಿಲ್ಲ.

ಬೆನ್ಯಾತ್‌ನ ಮನೆ ಹೆಂದಾಯದ ಕೊನೆಗೆ, ಕಡಲಿಗೆ ಮುಖ ಮಾಡಿ ನಿಂತಿತ್ತು. ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು. ಬರುವುದೆಲ್ಲ ಆತನ ಪಾಲಾಗಿತ್ತು. ಬಾಗಿಲು ತೆರೆದಾಗ ಆತನ ಕೈ ತುಂಬ ಹಿಟ್ಟಿತ್ತು. ಒಳಗೆ ಎಣ್ಣೆ ಕಾಯುತ್ತಿದ್ದ ಸದ್ದು.

"ಹೇಳಿದ್ರಾ?"

"ಹೇಳಿದೆ."

"ಏನಂದ್ರು?"

"ಏನೋ ಅಂದ್ರು. ನೀನು ಬರಬಹುದಿತ್ತು. ಹಿಂದಿನ ಸಾಲಿನಲ್ಲಾದ್ರೂ ಕೂರಬಹುದಿತ್ತು."

'ನೀನು' ಎಂಬುದು ಇಬ್ಬರ ನಡುವೆ ಬಂದು ನಿಂತಿತು. ಬೆನ್ಯಾತ್ ಹಿಟ್ಟಿನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡ.

"ಇನ್ನೊಂದು ಸಲ ಅನ್ನು," ಎಂದ.

"ಏನನ್ನ?"

"ಗೊತ್ತಿದೆ ನಿನಗೆ."

ಅವಳು ಹೇಳಲಿಲ್ಲ. ಮಳೆಗೆ ನೆನೆದ ಕೋಟಿನಲ್ಲೇ ಎರಡು ಹೆಜ್ಜೆ ಮುಂದಿಟ್ಟು, ಆತನ ಎದೆಗೆ ಹಣೆ ಒರಗಿಸಿದಳು. ಹಿಟ್ಟಿನ ಕೈಗಳು ಸ್ವಲ್ಪ ಹೊತ್ತು ಅನುಮಾನಿಸಿ ಅವಳ ಬೆನ್ನಿನ ಮೇಲೆ ಇಳಿದವು. ಒಳಗೆ ಎಣ್ಣೆ ಹೊಗೆಯಾಡತೊಡಗಿತು. ಆತ ಓಡಿಹೋಗಿ ಒಲೆ ಆರಿಸಿ ಬಂದು, ಬಿಟ್ಟಲ್ಲಿಂದಲೇ ಮತ್ತೆ ಅವಳನ್ನು ಹಿಡಿದುಕೊಂಡಾಗ ಇಬ್ಬರಿಗೂ ನಗು ಬಂತು.

"ನಿನ್ನ ದಂಡೇಲಿರೋ ಗೆರೆ ತೋರಿಸು," ಎಂದಳು. "ಅದಕ್ಕೇ ಬಂದೆ."

"ಅದಕ್ಕೇನಾ?"

"ಅದಕ್ಕೂ."

ಬೆನ್ಯಾತ್ ಕಿಟಕಿಯ ಕಡೆ ನೋಡಿದ. ಸಂಜೆಯ ಕಡಲು ಬಂಡೆಗಳ ಕುತ್ತಿಗೆಯವರೆಗೆ ತುಂಬಿಕೊಂಡಿತ್ತು.

"ಈಗ ಆಗಲ್ಲ. ನೀರು ಪೂರ್ತಿ ಏರಿದೆ," ಎಂದ. "ಬೆಳಿಗ್ಗೆವರೆಗೆ ಕಾಯಬೇಕು."

ಮಾಯಲೆನ್ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ಕಾಯ್ತೀನಿ," ಎಂದಳು.